ಕತ್ತರಿ ಬೀಳುವುದು ಹೊಟ್ಟೆಗೆ, ಕೊಬ್ಬಿಗಲ್ಲ

ಮಗಳೇ,

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಲೋ ಬೇಡವೋ ಅಂತ ನೀನು ಕೇಳಿದ್ದು ಫೋನಿನಲ್ಲಿ ಹೂಂ, ಊಹೂಂ ಅಂತ ಮುಗಿಸುವ ಮಾತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಅತ್ತೆ ಡಾಕ್ಟರಲ್ಲ, ಭದ್ರಾವತಿಯ ಲ್ಯಾಬಿನಲ್ಲಿ ಜನರ ರಕ್ತ ನೋಡುತ್ತಲೇ ಕೂದಲು ನೆರೆಸಿಕೊಂಡವಳು. ಯಾವ ಆಪರೇಷನ್, ಯಾವಾಗ ಅನ್ನುವುದನ್ನು ನಿನ್ನನ್ನು ಪರೀಕ್ಷೆ ಮಾಡಿದ ಡಾಕ್ಟರೇ ಹೇಳಬೇಕು. ಆದರೆ ಅದು ನಿನ್ನ ಮೈಯ ಕೊಬ್ಬಿಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ತಿಳಿಯದೆ ನೀನು ಕಾಗದಕ್ಕೆ ಸಹಿ ಹಾಕಬಾರದು.

ನಿನ್ನ ಎತ್ತರ 160 ಸೆಂ.ಮೀ., ತೂಕ 98 ಕಿಲೋ. ಲೆಕ್ಕ ಹಾಕಿದರೆ ಬಿಎಂಐ 38 ಬರುತ್ತದೆ. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಬೇರಿಯಾಟ್ರಿಕ್, ಅಂದರೆ ಬೊಜ್ಜಿನ ಆಪರೇಷನ್ ಮಾಡುವ, ಸರ್ಜನ್ನರ ಅಮೆರಿಕದ ಸಂಘ ಮತ್ತು ಅಂತರರಾಷ್ಟ್ರೀಯ ಒಕ್ಕೂಟ ಸೇರಿ 2022ರಲ್ಲಿ ಹೊರಡಿಸಿದ ಸೂಚನೆಯಲ್ಲಿ, 35 ದಾಟಿದವರಿಗೆ ಬೇರೆ ಕಾಯಿಲೆ ಇದ್ದರೂ ಇಲ್ಲದಿದ್ದರೂ ಆಪರೇಷನ್ ಸಲಹೆ ಮಾಡಬಹುದು, ಏಷ್ಯಾದವರಿಗಾದರೆ 27.5ರಿಂದಲೇ ಯೋಚಿಸಬಹುದು ಅಂತ ಇದೆ. ನಿನ್ನ ಶುಗರ್ ಗಡಿಯಲ್ಲಿದೆ, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 2 ಬಂದಿದೆ. ನೀನು ಅಂದಕ್ಕಾಗಿ ಕೇಳುತ್ತಿಲ್ಲ, ಆರೋಗ್ಯಕ್ಕಾಗಿ ಕೇಳುತ್ತಿದ್ದೀಯ. ಅಷ್ಟು ಮನೆಯವರಿಗೆ ಅರ್ಥವಾದರೆ ಅರ್ಧ ಜಗಳ ಮುಗಿಯುತ್ತದೆ.

ಉಳಿದರ್ಧ ಜಗಳ ಸೋಮಾರಿತನದ್ದು. ‘ಬಾಯಿ ಕಟ್ಟಿದರೆ ಸಾಲದೇ, ಹೊಟ್ಟೆ ಯಾಕೆ ಕೊಯ್ಸಬೇಕು’ ಅಂತ ನಿನ್ನಪ್ಪ ಅಂದದ್ದು ನನಗೂ ಕೇಳಿಸಿದೆ. ಅವನು ಹಾಗೆ ಅನ್ನುವುದಕ್ಕೆ ಕಾರಣ ಇದೆ. ನಮ್ಮಪ್ಪ, ಅಂದರೆ ನಿನ್ನ ತಾತ, ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಮಾಡಿದವರು. ಕುಲುಮೆಯ ಕಾವಿನಲ್ಲಿ ನಿಂತು, ಸೈಕಲ್ ತುಳಿದು ಮನೆಗೆ ಬಂದು ಅಕ್ಕಿ ರೊಟ್ಟಿಯನ್ನು ಎಣಿಸದೆ ತಿಂದರೂ ಕೊನೆಯವರೆಗೆ ಕಡ್ಡಿಯ ಹಾಗೇ ಇದ್ದರು. 1923ರಿಂದ ಕಬ್ಬಿಣ ಕರಗಿಸಿದ ಆ ಕಾರ್ಖಾನೆಯನ್ನು ಮುಚ್ಚುವ ಮಾತು ಬಂತು, ಪೇಪರ್ ಮಿಲ್ ನಿಂತು ವರ್ಷಗಳಾದವು. ಮೈಮುರಿಯುವ ಕೆಲಸ ಊರು ಬಿಟ್ಟಿತು, ತಟ್ಟೆ ಮಾತ್ರ ಹಾಗೇ ಉಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ, ಗಂಡಸರಾಗಲಿ ಹೆಂಗಸರಾಗಲಿ, ಹತ್ತರಲ್ಲಿ ಸುಮಾರು ಮೂವರ ಬಿಎಂಐ 25 ದಾಟಿದೆ. ಅಷ್ಟು ಜನಕ್ಕೆ ಒಟ್ಟಿಗೇ ಸೋಮಾರಿತನ ಬಂತು ಅಂದರೆ ನಾನು ನಂಬುವುದಿಲ್ಲ.

ತಟ್ಟೆಗಿಂತ ಹಿಂದಿನ ಕಾರಣವೂ ಒಂದಿದೆ, ಅದನ್ನು ನಮ್ಮ ಮೈಸೂರಿನಲ್ಲೂ ಕಂಡಿದ್ದಾರೆ. ಅಲ್ಲಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದವನ್ನು ಬರೆದಿಟ್ಟಿತ್ತು. ಆ ಪುಸ್ತಕಗಳು ಕೈಗೆ ಸಿಕ್ಕ ಮೇಲೆ ಸಂಶೋಧಕರು ಅಲ್ಲಿ ಹುಟ್ಟಿದವರನ್ನು ಹುಡುಕಿ ಶುಗರ್ ನೋಡಿದರು. ಆಮೇಲೆ 1997–98ರಲ್ಲಿ ಬಸುರಿಯರನ್ನೇ ಸೇರಿಸಿಕೊಂಡು ಅವರ ಮಕ್ಕಳನ್ನು ವರ್ಷ ವರ್ಷ ಅಳೆಯುತ್ತಾ ಬಂದರು. ಬಸಿರಿನಲ್ಲಿ ಶುಗರ್ ಬಂದಿದ್ದ ತಾಯಂದಿರ ಮಕ್ಕಳ ಮೈಯಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದು ವರ್ಷಕ್ಕೇ ಕೊಬ್ಬು ಹೆಚ್ಚಿತ್ತು. ನಿನ್ನನ್ನು ಹೊತ್ತಿದ್ದಾಗ ನಿನ್ನಮ್ಮನ ಶುಗರ್ ಏರಿದ್ದು ನನಗೆ ನೆನಪಿದೆ, ಆ ರಕ್ತ ನೋಡಿದವಳೇ ನಾನು. ಅವಳ ತಪ್ಪು ಅಂತಲ್ಲ, ನಿನ್ನ ತಪ್ಪೂ ಅಲ್ಲ.

ಇನ್ನು ಕೊಬ್ಬಿನ ವಿಷಯಕ್ಕೆ ಬರುತ್ತೇನೆ.

ತಿಂದ ಎಣ್ಣೆ, ತುಪ್ಪ, ಮಿಕ್ಕಿದ ಅನ್ನ, ಸಕ್ಕರೆ ಎಲ್ಲವೂ ಕೊನೆಗೆ ಟ್ರೈಗ್ಲಿಸರೈಡ್ ಅನ್ನುವ ರೂಪದಲ್ಲಿ ಕೊಬ್ಬಿನ ಕೋಶದೊಳಗೆ ಕೂರುತ್ತದೆ. ಮೂರು ಕೊಬ್ಬಿನಾಮ್ಲ, ಒಂದು ಗ್ಲಿಸರಾಲ್ ಸೇರಿ ಆದದ್ದು ಅದು. ಇನ್ಸುಲಿನ್ ಹೆಚ್ಚಿರುವವರೆಗೆ ಕೋಶದ ಬಾಗಿಲು ಒಳಕ್ಕೆ ಮಾತ್ರ ತೆರೆಯುತ್ತದೆ. ಇನ್ಸುಲಿನ್ ಇಳಿದಾಗ, ಅಂದರೆ ಉಪವಾಸವಿದ್ದಾಗ, ಟ್ರೈಗ್ಲಿಸರೈಡ್ ಒಡೆದು ಕೊಬ್ಬಿನಾಮ್ಲ ರಕ್ತಕ್ಕೆ ಬರುತ್ತದೆ, ಸ್ನಾಯು ಅದನ್ನು ಉರಿಸುತ್ತದೆ. ಆರೋಗ್ಯದ ಮೈಯಲ್ಲಿ ಈ ಏರಿಳಿತ ದಿನವೂ ನಡೆಯುತ್ತದೆ. ಕೋಶಗಳು ಮಿತಿಮೀರಿ ತುಂಬಿದ ಮೇಲೆ ಇನ್ಸುಲಿನ್ ಹೇಳಿದ್ದನ್ನು ಅವು ಕೇಳುವುದಿಲ್ಲ. ಊಟವಾದ ಮೇಲೂ ಕೊಬ್ಬಿನಾಮ್ಲ ಸೋರುತ್ತಲೇ ಇರುತ್ತದೆ. ಅದು ಹೋಗಿ ಸೇರುವುದು ಲಿವರ್, ಮೇದೋಜೀರಕ, ಸ್ನಾಯು ಅಂತ ತನ್ನದಲ್ಲದ ಜಾಗಗಳಿಗೆ. ನಿನ್ನ ಸ್ಕ್ಯಾನಿಂಗ್ ರಿಪೋರ್ಟಿನ ಗ್ರೇಡ್ 2 ಅಂದರೆ ಇದೇ. ಲಿವರ್ ಆ ಕೊಬ್ಬನ್ನು ಮತ್ತೆ ಕಟ್ಟಿ ರಕ್ತಕ್ಕೆ ತಳ್ಳುತ್ತದೆ, ಅಲ್ಲಿಗೆ ಅದು ನನ್ನ ಮೇಜಿನ ಮೇಲೆ ಬರುತ್ತಿತ್ತು.

ಅದನ್ನು ಕಣ್ಣಾರೆ ಕಂಡವಳಾಗಿ ಹೇಳುತ್ತೇನೆ. ರಕ್ತ ಹೆಪ್ಪುಗಟ್ಟಿದ ಮೇಲೆ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದರೆ ಕೆಂಪು ಕೆಳಗೆ ಕೂತು ಮೇಲೆ ತಿಳಿ ಹಳದಿ ಸೀರಂ ನಿಲ್ಲಬೇಕು. ಟ್ಯೂಬಿನ ಹಿಂದೆ ಬೆರಳಿಟ್ಟರೆ ಬೆರಳಿನ ಗೆರೆ ಕಾಣಬೇಕು. ಟ್ರೈಗ್ಲಿಸರೈಡ್ 150ರ ಒಳಗಿದ್ದರೆ ಹಾಗೇ ಕಾಣುತ್ತದೆ. ಐನೂರು, ಆರುನೂರು ದಾಟಿದವರದ್ದು ಮಬ್ಬಾಗಿರುತ್ತದೆ. ಸಾವಿರ ದಾಟಿದರೆ ಬೆಳ್ಳಗೆ, ಬೆರಳೇ ಕಾಣುವುದಿಲ್ಲ, ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಮೇಲೆ ಕೆನೆ ಕಟ್ಟಿರುತ್ತದೆ. ಅಂಥ ಟ್ಯೂಬುಗಳೆಲ್ಲ ದಪ್ಪಗಿರುವವರದ್ದೇ ಅಂದುಕೊಳ್ಳಬೇಡ. ಎಷ್ಟೋ ಸಲ ಸೊರಗಿದ ಗಂಡಸೊಬ್ಬರು ರಿಪೋರ್ಟಿಗೆ ಬಂದು ನಿಲ್ಲುತ್ತಿದ್ದರು. ಪುಣೆಯ ಡಾ. ಯಾಜ್ಞಿಕ್ 2004ರಲ್ಲಿ ತಮ್ಮದೂ ಲಂಡನ್ನಿನ ಸ್ನೇಹಿತ ಯಡ್ಕಿನ್ ಅವರದ್ದೂ ಫೋಟೋ ಜೊತೆಗಿಟ್ಟು ಇದನ್ನೇ ತೋರಿಸಿದರು. ಇಬ್ಬರ ಬಿಎಂಐ ಒಂದೇ, 22.3. ಮೈಕೊಬ್ಬು ಮಾತ್ರ ಯಡ್ಕಿನ್ ಅವರದ್ದು ಶೇ. 9.1, ಯಾಜ್ಞಿಕರದ್ದು ಶೇ. 21.2. ತಕ್ಕಡಿ ಹೇಳದ್ದನ್ನು ರಕ್ತ ಹೇಳುತ್ತದೆ. ಅದಕ್ಕೇ ನಾನು ನಿನ್ನ ತೂಕಕ್ಕಿಂತ ನಿನ್ನ ಲಿಪಿಡ್ ಪ್ರೊಫೈಲನ್ನೇ ಮೊದಲು ಕೇಳಿದ್ದು.

ಆಪರೇಷನ್ನಿನಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು ಕೊಳವೆಯಷ್ಟು ಉಳಿಸುತ್ತಾರೆ. ಬೈಪಾಸಿನಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮಧ್ಯಭಾಗಕ್ಕೆ ನೇರ ಜೋಡಿಸುತ್ತಾರೆ. ಎರಡರಲ್ಲೂ ಒಂದು ಗ್ರಾಂ ಕೊಬ್ಬನ್ನೂ ಯಾರೂ ಕತ್ತರಿಸಿ ತೆಗೆಯುವುದಿಲ್ಲ. ಹಾಗಾದರೆ ಕೊಬ್ಬು ಕರಗುವುದು ಹೇಗೆ? ಕಡಿಮೆ ತಿನ್ನುವುದರಿಂದ ಅನ್ನುವುದು ಅರ್ಧ ಉತ್ತರ. ಕಡಿಮೆ ತಿಂದವರೆಲ್ಲ ಕೊನೆಗೆ ಹಸಿವಿಗೆ ಸೋಲುತ್ತಾರೆ, ಯಾಕೆಂದರೆ ಕೊಬ್ಬು ಕಡಿಮೆಯಾದಂತೆ ಕೊಬ್ಬಿನ ಕೋಶ ಬಿಡುವ ಲೆಪ್ಟಿನ್ ಇಳಿಯುತ್ತದೆ, ಮೆದುಳು ಅದನ್ನು ಬರಗಾಲ ಅಂತ ಓದುತ್ತದೆ. ಆಪರೇಷನ್ ಆದವರಲ್ಲಿ ಬೇರೆ ಸಂದೇಶಗಳೂ ಬದಲಾಗುತ್ತವೆ. ಹಸಿವು ಹುಟ್ಟಿಸುವ ಗ್ರೆಲಿನ್ ಹೆಚ್ಚಾಗಿ ತಯಾರಾಗುವುದು ಸ್ಲೀವ್‌ನಲ್ಲಿ ತೆಗೆದುಹಾಕುವ ಭಾಗದಲ್ಲೇ. ಆಹಾರ ಕೆಳಗಿನ ಕರುಳಿಗೆ ಬೇಗ ತಲುಪುವುದರಿಂದ ಜಿಎಲ್‌ಪಿ-1, ಪಿವೈವೈ ಅನ್ನುವ ಹಾರ್ಮೋನುಗಳು ಹೆಚ್ಚುತ್ತವೆ, ಸ್ವಲ್ಪಕ್ಕೇ ಸಾಕು ಅನ್ನಿಸುತ್ತದೆ, ಇನ್ಸುಲಿನ್ ಸರಿಯಾದ ಹೊತ್ತಿಗೆ ಬರುತ್ತದೆ. ಪಿತ್ತರಸದ ಆಮ್ಲಗಳೂ ರಕ್ತದಲ್ಲಿ ಏರಿ, ಲಿವರ್ ಕೊಬ್ಬನ್ನು ನಿಭಾಯಿಸುವ ರೀತಿಯನ್ನು ಬದಲಿಸುತ್ತವೆ. ಎಷ್ಟೋ ಜನರ ಶುಗರ್ ತೂಕ ಇಳಿಯುವುದಕ್ಕೆ ಮುಂಚೆ, ದಿನಗಳಲ್ಲೇ ಇಳಿಯುವುದು ಇದರಿಂದಲೂ ಹೌದು, ಆ ದಿನಗಳ ಅರೆ ಉಪವಾಸದಿಂದಲೂ ಹೌದು. (ಈಚೆಗೆ, 2025ರಲ್ಲಿ, ನಮ್ಮ ದೇಶಕ್ಕೆ ಬಂದ ಮೌಂಜಾರೋ, ವೆಗೋವಿ ಚುಚ್ಚುಮದ್ದುಗಳು ಅನುಕರಿಸುವುದೂ ಇಂಥ ಹಾರ್ಮೋನುಗಳನ್ನೇ. ಅದೂ ಒಂದು ದಾರಿ, ಡಾಕ್ಟರನ್ನು ಕೇಳು. ಆದರೆ ನಿಲ್ಲಿಸಿದರೆ ತೂಕ ಬಹುಪಾಲು ಮರಳುತ್ತದೆ ಅನ್ನುವುದನ್ನು ತಿಳಿದೇ ಶುರುಮಾಡಬೇಕು.)

ಆಪರೇಷನ್ನಿಗೆ ಮುಂಚೆ ಎರಡು ವಾರ ಬರೀ ದ್ರವದ ಕಟ್ಟುನಿಟ್ಟಿನ ಪಥ್ಯ ಕೊಡುತ್ತಾರೆ. ಅದನ್ನು ಶಿಕ್ಷೆ ಅಂತ ತಿಳಿಯಬೇಡ. ಕೊಬ್ಬು ತುಂಬಿದ ಲಿವರ್ ಜಠರದ ಮೇಲೆ ಕವಿದುಕೊಂಡಿರುತ್ತದೆ, ಅದು ಕುಗ್ಗದಿದ್ದರೆ ಸರ್ಜನ್ನಿಗೆ ಕೆಲಸಕ್ಕೆ ಜಾಗವೇ ಸಿಗುವುದಿಲ್ಲ. ಮೈಯಲ್ಲಿ ಮೊದಲು ಖಾಲಿಯಾಗುವುದು ಲಿವರಿನ ಕೊಬ್ಬು. ಆಪರೇಷನ್ ಆದ ಮೊದಲ ವಾರಗಳಲ್ಲಿ ಕೋಶಗಳು ಕೊಬ್ಬನ್ನು ಭರದಿಂದ ಬಿಡುತ್ತವೆ. ರಕ್ತದಲ್ಲಿ ಕೊಬ್ಬಿನಾಮ್ಲ ಏರುತ್ತದೆ, ಲಿವರ್ ಅದರಿಂದ ಕೀಟೋನ್ ಮಾಡುತ್ತದೆ, ಬಾಯಿ ವಾಸನೆ ಬರುತ್ತದೆ. ಆಗ ಹೆದರಬೇಡ. ತಿಂಗಳುಗಳು ಕಳೆದಂತೆ ಕೊಬ್ಬಿನಾಮ್ಲ ಇಳಿದು ಹಿಂದಿಗಿಂತ ಕಡಿಮೆಯಲ್ಲಿ ನಿಲ್ಲುತ್ತದೆ. ಟ್ರೈಗ್ಲಿಸರೈಡ್ ಇಳಿಯುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಅನ್ನುವ ಎಚ್‌ಡಿಎಲ್ ನಿಧಾನವಾಗಿ ಏರುತ್ತದೆ. ಕೆಟ್ಟ ಕೊಲೆಸ್ಟರಾಲ್, ಅಂದರೆ ಎಲ್‌ಡಿಎಲ್, ಬೈಪಾಸಿನಲ್ಲಿ ಚೆನ್ನಾಗಿ ಇಳಿಯುತ್ತದೆ, ಸ್ಲೀವ್‌ನಲ್ಲಿ ಅಷ್ಟಾಗಿ ಇಳಿಯುವುದಿಲ್ಲ. ನಿನಗೆ ಯಾವುದು ಸರಿ ಅಂತ ಮಾತಾಡುವಾಗ ಇದನ್ನೂ ಕೇಳು.

ಕರಗಿದ ಕೊಬ್ಬು ಎಲ್ಲಿ ಹೋಗುತ್ತದೆ ಅಂತ ಕೇಳಿದರೆ ಬೆವರು ಅನ್ನುತ್ತಾರೆ, ಮಲ ಅನ್ನುತ್ತಾರೆ. ಹತ್ತು ಕಿಲೋ ಕೊಬ್ಬು ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ, ಬಾಯಿಂದ ಹೊರಗೆ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಲೆಕ್ಕ ಹಾಕಿ ತೋರಿಸಿದ್ದು ಇದು. ಬೆಲ್ಟು, ಬೆವರಿಳಿಸುವ ಜಾಕೆಟ್ಟು, ಕೊಬ್ಬು ಕರಗಿಸುವ ಚೂರ್ಣ ಮಾರುವವರು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸಿಕ್ಕರೂ ಮೊಬೈಲಿನಲ್ಲಿ ಸಿಕ್ಕರೂ ಈ ಲೆಕ್ಕ ನೆನಪಿರಲಿ.

ಲೈಪೋಸಕ್ಷನ್ ಮಾಡಿಸಿದರೆ ಒಂದೇ ದಿನ, ಸಲೀಸು ಅಂತ ನಿನ್ನ ಗೆಳತಿ ಹೇಳಿದಳಂತೆ. ಆ ದಾರಿಗೆ ಹೋಗಬೇಡ. ಅಲ್ಲಿ ಕೊಬ್ಬನ್ನು ನಿಜವಾಗಿಯೂ ಹೀರಿ ತೆಗೆಯುತ್ತಾರೆ. 2004ರಲ್ಲಿ ಅಮೆರಿಕದಲ್ಲಿ ಹದಿನೈದು ಮಂದಿ ಬೊಜ್ಜಿನ ಹೆಂಗಸರ ಹೊಟ್ಟೆಯಿಂದ ಸುಮಾರು ಹತ್ತು ಕಿಲೋ ಕೊಬ್ಬು ತೆಗೆದು, ವಾರಗಳ ಮೇಲೆ ರಕ್ತ ನೋಡಿದರು. ಇನ್ಸುಲಿನ್ ಕೆಲಸ ಸುಧಾರಿಸಿರಲಿಲ್ಲ, ಟ್ರೈಗ್ಲಿಸರೈಡ್ ಇಳಿದಿರಲಿಲ್ಲ, ಬಿಪಿಯೂ ಹಾಗೇ. ಚರ್ಮದ ಕೆಳಗಿನದ್ದು ಹೋಯಿತು, ಲಿವರಿನಲ್ಲಿದ್ದದ್ದು ಅಲ್ಲೇ ಉಳಿಯಿತು. ಲೈಪೋಸಕ್ಷನ್‌ನಲ್ಲಿ ಕೊಬ್ಬನ್ನು ತೆಗೆದರೂ ಕಾಯಿಲೆ ಹೋಗುವುದಿಲ್ಲ, ಜಠರದ ಆಪರೇಷನ್ನಿನಲ್ಲಿ ಕೊಬ್ಬನ್ನು ಮುಟ್ಟದೆಯೇ ಕಾಯಿಲೆ ಇಳಿಯುತ್ತದೆ. ಎಷ್ಟು ವರ್ಷ ರಿಪೋರ್ಟು ನೋಡಿದರೂ ಇದು ನನಗೆ ಇಂದಿಗೂ ಸೋಜಿಗವೇ.

ನಾನು ಇಷ್ಟೆಲ್ಲ ಹೇಳಿದ್ದು ಮುಂದಿನ ಮಾತಿಗಾಗಿ. ತೂಕ ಇಳಿದ ಮೇಲೂ ಕೊಬ್ಬಿನ ಕೋಶಗಳು ಹೋಗುವುದಿಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಕಂಡುಕೊಂಡ ಬಗೆಯೇ ವಿಚಿತ್ರ. 1950ರ ದಶಕದಲ್ಲಿ, ಅರವತ್ತರ ಶುರುವಿನಲ್ಲಿ ದೇಶಗಳು ಬಯಲಲ್ಲಿ ಅಣುಬಾಂಬು ಸಿಡಿಸಿದಾಗ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಿ, ಅನ್ನ ನೀರಿನ ಮೂಲಕ ಎಲ್ಲರ ಮೈ ಸೇರಿತ್ತು. ಕೋಶದೊಳಗಿನ ಆ ಗುರುತು ನೋಡಿ ಕೋಶದ ವಯಸ್ಸು ತಿಳಿದರು. ಬೆಳೆಯುವ ವಯಸ್ಸಿನಲ್ಲಿ ಕೊಬ್ಬಿನ ಕೋಶಗಳ ಸಂಖ್ಯೆ ನಿಗದಿಯಾಗಿಬಿಡುತ್ತದೆ. ಆಮೇಲೆ ವರ್ಷಕ್ಕೆ ಹತ್ತನೇ ಒಂದು ಪಾಲು ಸಾಯುತ್ತವೆ, ಅಷ್ಟೇ ಹೊಸದಾಗಿ ಹುಟ್ಟುತ್ತವೆ. ಬೊಜ್ಜಿನ ಆಪರೇಷನ್ ಆಗಿ ತೂಕ ಇಳಿಸಿಕೊಂಡವರಲ್ಲೂ ಕೋಶಗಳು ಕುಗ್ಗಿದ್ದವು, ಎಣಿಕೆ ಕಡಿಮೆಯಾಗಿರಲಿಲ್ಲ. ನಮ್ಮ ಶಿವಮೊಗ್ಗದ ಅಡಿಕೆ ಮಂಡಿ ನೋಡಿದ್ದೀಯಲ್ಲ. ಮೂಟೆಗಳೆಲ್ಲ ಲಾರಿಗೆ ಏರಿದವು ಅಂತ ಗೋದಾಮನ್ನು ಯಾರೂ ಕೆಡವುವುದಿಲ್ಲ, ಮುಂದಿನ ಸುಗ್ಗಿಗೆ ಅದು ಹಾಗೇ ಇರುತ್ತದೆ. ನಿನ್ನ ಮೈಯೊಳಗಿನದ್ದೂ ಹಾಗೇ ಇರುತ್ತದೆ, ನೀನು ತೂಕ ಇಳಿಸಿಕೊಂಡ ಮೇಲೂ.

ಸ್ವೀಡನ್ನಿನಲ್ಲೇ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಆದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು, ಆಗದ ಅಷ್ಟೇ ಜನರನ್ನು ವರ್ಷಗಟ್ಟಲೆ ನೋಡಿದರು. ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ತೂಕದ ಶೇ. 32ರಷ್ಟು ಕಳೆದುಕೊಂಡಿದ್ದರು, ಹತ್ತನೇ ವರ್ಷಕ್ಕೆ ಅದು ಶೇ. 25ಕ್ಕೆ ನಿಂತಿತ್ತು. ಸ್ವಲ್ಪ ಮರಳಿತು, ಬಹುಪಾಲು ಮರಳಲಿಲ್ಲ. ಆಪರೇಷನ್ ಆದವರ ಗುಂಪಿನಲ್ಲಿ ಸಾವೂ ಕಡಿಮೆಯಿತ್ತು. ಹಾಗಾಗಿ ನಾನು ನಿನ್ನನ್ನು ಹೆದರಿಸುತ್ತಿಲ್ಲ, ಮಾಡಿಸಿಕೋ ಅನ್ನುವ ಕಡೆಗೇ ನನ್ನ ಮನಸ್ಸು ವಾಲಿದೆ. ಆದರೆ ಆಪರೇಷನ್ನನ್ನು ಮುಗಿದ ಕೆಲಸ ಅಂತ ತಿಳಿದು ಆಸ್ಪತ್ರೆಯಿಂದ ಬರುವುದಾದರೆ ಬೇಡ.

ಮೊದಲ ವರ್ಷ ಮೈ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ಸ್ನಾಯು ಹೋದರೆ ಕೂತಲ್ಲೇ ಉರಿಯುವ ಕೊಬ್ಬು ಕಡಿಮೆಯಾಗುತ್ತದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಹೊಟ್ಟೆಗೆ ಹೋಗಬೇಕು, ಹೊಟ್ಟೆಯೇ ಇಷ್ಟೇ ಇಷ್ಟಿರುವಾಗ. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಮಲೆನಾಡಿನ ತಟ್ಟೆಯಲ್ಲಿ ಕಡುಬು, ರೊಟ್ಟಿ, ಅನ್ನವೇ ಮೊದಲು, ಸಾರು ಆಮೇಲೆ. ನೀನು ತಿರುಗಿಸಿ ತಿನ್ನುವುದನ್ನು ಕಲಿಯಬೇಕು. ಮೀನು, ಮೊಟ್ಟೆ, ಹುರುಳಿ ಕಾಳು, ಮೊಸರು ಮೊದಲು. ಜಾಗ ಉಳಿದರೆ ರೊಟ್ಟಿಯ ತುಂಡು. ಊಟದ ಜೊತೆ ನೀರು ಕುಡಿಯಬೇಡ. ಚೆನ್ನಾಗಿ ಅಗಿದು ನುಂಗು. ಬೈಪಾಸ್ ಆದವರು ಹೋಳಿಗೆ, ಜಾಮೂನು ತಿಂದರೆ ಎದೆ ಡವಗುಟ್ಟಿ, ಬೆವರಿ, ತಲೆ ಸುತ್ತಿ ಮಲಗಿಬಿಡುತ್ತಾರೆ. ಹಬ್ಬದಲ್ಲಿ ‘ಒಂದೇ ಒಂದು’ ಅಂತ ಬಡಿಸುವ ದೊಡ್ಡಮ್ಮಂದಿರಿಗೆ ಇದನ್ನು ಮುಂಚೆಯೇ ಹೇಳಿಡು, ನಾನೂ ಹೇಳುತ್ತೇನೆ.

ಕೊಬ್ಬು ಬೇಗ ಕರಗುವಾಗ ಲಿವರ್ ಪಿತ್ತರಸಕ್ಕೆ ಕೊಲೆಸ್ಟರಾಲ್ ಹೆಚ್ಚು ಸುರಿಯುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು. ಅದಕ್ಕೆ ಆರು ತಿಂಗಳು ಮಾತ್ರೆ ಕೊಡುವ ಪದ್ಧತಿ ಇದೆ, ನಡುವೆ ಬಿಡಬೇಡ. ಎ, ಡಿ, ಇ, ಕೆ ವಿಟಮಿನ್ನುಗಳು ಕೊಬ್ಬಿನ ಜೊತೆಗೇ ಮೈ ಸೇರುವಂಥವು, ಕೊಬ್ಬು ಕಡಿಮೆ ಹೀರಿದರೆ ಅವೂ ಕಡಿಮೆಯಾಗುತ್ತವೆ. ಕಬ್ಬಿಣ, ಬಿ12 ಅಂತೂ ಜೀವನಪೂರ್ತಿ ತೆಗೆದುಕೊಳ್ಳಬೇಕು. ಮೂರ‍್ನಾಲ್ಕು ತಿಂಗಳಿಗೆ ಕೂದಲು ಉದುರಿದರೆ ಅಳಬೇಡ, ಮತ್ತೆ ಬರುತ್ತದೆ. ಆದರೆ ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಮನೆಮದ್ದು ಮಾಡಿಕೊಂಡು ಕೂರಬೇಡ. ಬಿ1 ವಿಟಮಿನ್ ಖಾಲಿಯಾಗಿ ಕಣ್ಣು ಮಸುಕಾಗಿ, ನಡಿಗೆ ತಪ್ಪಿ, ಮೆದುಳಿಗೇ ಪೆಟ್ಟಾಗುತ್ತದೆ. ಮಧ್ಯರಾತ್ರಿಯಾದರೂ ಮೆಗ್ಗಾನ್ ಆಸ್ಪತ್ರೆಗೆ ಹೋಗು, ಇಂಥ ಆಪರೇಷನ್ ಆಗಿದೆ ಅಂತ ಮೊದಲ ಮಾತಿನಲ್ಲೇ ಹೇಳು.

ಮದುವೆಯ ಮಾತು ಎತ್ತದೆ ಇದ್ದರೆ ಅತ್ತೆಯಾಗಿ ಏನು ಪ್ರಯೋಜನ? ಹೆಣ್ಣು ನೋಡಲು ಬರುವ ತಾರೀಖಿಗೆ ಆಪರೇಷನ್ ಹೊಂದಿಸಲು ಯಾರು ಹೇಳಿದರೂ ಒಪ್ಪಬೇಡ. ಆದ ಮೇಲೆ ಒಂದೂವರೆ ವರ್ಷದವರೆಗೆ ಬಸಿರು ತಡೆಯಬೇಕು, ಮೈಯೇ ಬರಿದಾಗುತ್ತಿರುವಾಗ ಮಗುವಿಗೆ ಏನು ಕೊಡುತ್ತೀಯ? ಆಪರೇಷನ್ ವಿಷಯವನ್ನು ಗಂಡಿನ ಕಡೆಯವರಿಂದ ಮುಚ್ಚಿಡಬಾರದು. ಕೇಳಿ ಹಿಂದೆ ಸರಿಯುವವರು ಸರಿಯಲಿ. ಶುಗರನ್ನು ಹತೋಟಿಗೆ ತಂದುಕೊಂಡು ತಾಯಿಯಾದರೆ ನಿನ್ನ ಮಗುವಿಗೆ ಒಳ್ಳೆಯದು, ಮೈಸೂರಿನ ಆ ಮಕ್ಕಳ ಕತೆ ಹೇಳಿದ್ದು ಇದಕ್ಕೂ ಸೇರಿಸಿಯೇ.

ಖರ್ಚಿನ ವಿಷಯ: ವಿಮೆಯವರು ಕೊಡುವುದು ಹದಿನೆಂಟು ತುಂಬಿದವರಿಗೆ, ಬಿಎಂಐ 40 ಇದ್ದರೆ, ಅಥವಾ 35ರ ಮೇಲಿದ್ದು ಹತೋಟಿಗೆ ಬಾರದ ಶುಗರ್, ಹೃದಯದ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವಂಥ ಗಂಭೀರ ಕಾಯಿಲೆ ಇದ್ದರೆ. ನಿನ್ನ ಶುಗರ್ ಇನ್ನೂ ಗಡಿಯಲ್ಲಿರುವುದರಿಂದ ತಕರಾರು ತೆಗೆಯಬಹುದು. ಪಾಲಿಸಿಯನ್ನು ನಿನ್ನಪ್ಪನ ಕೈಲಿ ಓದಿಸು, ಅವನಿಗೂ ಒಂದು ಕೆಲಸ ಸಿಕ್ಕಂತಾಗುತ್ತದೆ, ವಿಷಯವೂ ತಲೆಗೆ ಹೋಗುತ್ತದೆ.

ತಾರೀಖು ಕೊಡುವ ಮುಂಚೆ ಇಷ್ಟು ಮಾಡು. ಹನ್ನೆರಡು ಗಂಟೆ ಹೊಟ್ಟೆ ಖಾಲಿ ಇಟ್ಟು ಲಿಪಿಡ್ ಪ್ರೊಫೈಲ್ ಮಾಡಿಸು. ಎಚ್‌ಬಿಎ1ಸಿ, ಲಿವರ್ ಪರೀಕ್ಷೆ, ಥೈರಾಯ್ಡ್, ಬಿ12, ವಿಟಮಿನ್ ಡಿ, ಫೆರಿಟಿನ್ ಎಲ್ಲ ಒಂದೇ ಸಲ ಆಗಲಿ. ಫೈಲು ತಗೊಂಡು ಭಾನುವಾರ ಬಾ, ಒಟ್ಟಿಗೆ ಓದೋಣ. ಸರ್ಜನ್ನನ್ನು ನೋಡಲು ಬೆಂಗಳೂರಿಗೆ ಹೋಗುವುದಾದರೆ ಜನಶತಾಬ್ದಿಗೆ ಇಬ್ಬರಿಗೂ ಟಿಕೆಟ್ ಮಾಡು, ನಾನೂ ಬರುತ್ತೇನೆ. ಅಲ್ಲಿ ಎಷ್ಟು ಕಿಲೋ ಇಳಿಯುತ್ತದೆ ಅಂತ ಕೇಳುವುದು ಬೇಡ, ಅದನ್ನು ಕೇಳದಿದ್ದರೂ ಹೇಳುತ್ತಾರೆ. ಮೂರನೇ ವರ್ಷ, ಐದನೇ ವರ್ಷ, ಹತ್ತನೇ ವರ್ಷ ನನ್ನ ರಕ್ತ ಯಾರು ನೋಡುತ್ತಾರೆ, ಎಲ್ಲಿ ನೋಡುತ್ತಾರೆ, ತೂಕ ಮರಳಿದರೆ ಏನು ಮಾಡುತ್ತಾರೆ ಅಂತ ಕೇಳು. ಅದಕ್ಕೆ ನೇರವಾಗಿ ಉತ್ತರ ಕೊಟ್ಟ ಕಡೆ ಸಹಿ ಹಾಕು.

ನಿನ್ನ ಅತ್ತೆ,
ಭದ್ರಾವತಿ